ಸೂಜಿಯ ತುದಿ ಮತ್ತು ಅತ್ತೆಯ ಮೊರ

2022ರಲ್ಲಿ ನಾನು ರಾಯದುರ್ಗದ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಸೂಜಿ ಕೌಂಟರ್ ನೋಡಿಕೊಳ್ಳುತ್ತಿದ್ದೆ. ಈಗಲೂ ಅದೇ ಕೆಲಸ. ಅರವತ್ತು ಮಷಿನ್ ಇರುವ ಹಾಲಿನ ಒಂದು ಮೂಲೆಯಲ್ಲಿ ನನ್ನ ಮೇಜು. ಬೀಗ ಹಾಕುವ ಒಂದು ಡ್ರಾಯರ್, ಒಂದು ದಪ್ಪ ರಿಜಿಸ್ಟರ್, ದಾರ ಕಟ್ಟಿದ ಒಂದು ಅಯಸ್ಕಾಂತ. ಇಷ್ಟೇ ನನ್ನ ಸಾಮಾನು.

ಈ ಕೆಲಸದ ಬಗ್ಗೆ ತಿಳಿಯದವರಿಗಾಗಿ ಸ್ವಲ್ಪ ಹೇಳುತ್ತೇನೆ. ನಮ್ಮಲ್ಲಿ ಯಾವ ಟೈಲರಿಗೂ ಸೂಜಿ ಸ್ವಂತದ್ದಲ್ಲ. ಮೊಂಡಾದ ಸೂಜಿ ಕೊಟ್ಟು ಹೊಸದು ಒಯ್ಯಬೇಕು. ಸೂಜಿ ಮುರಿದರೆ ಅದರ ಎಲ್ಲ ಚೂರುಗಳನ್ನೂ ಹುಡುಕಿ ತರಬೇಕು. ರಿಜಿಸ್ಟರಿನಲ್ಲಿ ಇಡೀ ಸೂಜಿಯ ಚಿತ್ರ ಇರುತ್ತದೆ. ಅದರ ಮೇಲೆ ಚೂರುಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಮೇಲೆ ಟೇಪ್ ಅಂಟಿಸಿ, ಟೈಲರ್ ಸಹಿ ಹಾಕಿಸಿಕೊಂಡ ಮೇಲೆಯೇ ನಾನು ಹೊಸ ಸೂಜಿ ಕೊಡುವುದು. ಒಂದು ಚೂರು ಕಡಿಮೆಯಾದರೂ ಆ ಮಷಿನ್ ನಿಲ್ಲುತ್ತದೆ, ಅದರ ಮೇಲೆ ಹೊಲಿಯುತ್ತಿದ್ದ ಬಟ್ಟೆಯೂ ನಿಲ್ಲುತ್ತದೆ. ಸಿಗದ ಚೂರು ಬಟ್ಟೆಯ ಮಡಿಕೆಯಲ್ಲಿ ಉಳಿದಿದ್ದರೆ ಅದು ತೊಟ್ಟವರ ಮೈಗೆ ಚುಚ್ಚುತ್ತದೆ. ಅದಕ್ಕಾಗಿ ಇಷ್ಟು ಕಟ್ಟುನಿಟ್ಟು.

ಆ ವರ್ಷದ ಒಂದು ಶುಕ್ರವಾರದ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಅದರಲ್ಲಿ ನನ್ನ ಪಾತ್ರ ಕಡಿಮೆ. ನನ್ನ ಅತ್ತೆ ಗಂಗಮ್ಮನವರದ್ದೇ ಹೆಚ್ಚು. ಅವರು ತೀರಿಕೊಂಡು ಈಗ ಏಳು ತಿಂಗಳಾಯಿತು.

ಅತ್ತೆ ಮಡಕಶಿರದ ಕಡೆಯ ಹಳ್ಳಿಯವರು. ರಾಗಿ, ಕಡಲೆಕಾಯಿ, ಹಿಪ್ಪುನೇರಳೆ ಬೆಳೆಯುವ ಮನೆ. ಮಾವ ಹೋದ ಮೇಲೆ ಹೊಲವನ್ನು ಮೈದುನನಿಗೆ ಒಪ್ಪಿಸಿ, ಒಂದು ಟ್ರಂಕು, ಒಂದು ಜರಡಿ, ಒಂದು ಮೊರ ಹಿಡಿದುಕೊಂಡು ರಾಯದುರ್ಗಕ್ಕೆ ನಮ್ಮ ಮನೆಗೆ ಬಂದರು. ಹದಿನೈದು ದಿನ ಮನೆಯಲ್ಲಿ ಕೂತರು. ಹದಿನಾರನೆಯ ದಿನ ಬೆಳಿಗ್ಗೆ ನನ್ನ ಜೊತೆಗೇ ಸೀರೆ ಉಟ್ಟು ರೆಡಿಯಾಗಿ ನಿಂತಿದ್ದರು.

"ಎಲ್ಲಿಗೆ ಅತ್ತಿ?" ಅಂದೆ.

"ನಿನ್ ಫ್ಯಾಕ್ಟ್ರಿಗೆ ಕಣಮ್ಮಿ. ಗೋಡೆ ನೋಡ್ಕಂಡು ಕುಂತ್ರೆ ಗೋಡೆಗೂ ಬೇಜಾರು, ನಂಗೂ ಬೇಜಾರು."

ಹೊಲಿದು ಮುಗಿದ ಪ್ಯಾಂಟುಗಳಲ್ಲಿ ಉಳಿದ ದಾರದ ತುದಿ ಕತ್ತರಿಸುವ ಮೇಜಿನಲ್ಲಿ ಅವರನ್ನು ಕೂರಿಸಿದರು. ಅರವತ್ತೆರಡನೆಯ ವಯಸ್ಸಿನಲ್ಲಿ ಅವರಿಗೆ ಮೊದಲ ನೌಕರಿ.

ಜೀನ್ಸ್ ಘಟಕ ಅಂದರೆ ಸಣ್ಣ ಸಣ್ಣ ವಸ್ತುಗಳ ಲೋಕ: ದಾರದ ತುದಿ, ಗುಂಡಿಯ ಚೂರು, ಬಟ್ಟೆಯ ಧೂಳು. ಸಂಜೆಯ ಹೊತ್ತಿಗೆ ಆ ಧೂಳಿನಿಂದ ನಮ್ಮ ರೆಪ್ಪೆ, ಹುಬ್ಬು, ಕೈಕೂದಲು ಎಲ್ಲ ನೀಲಿ. ನಾವು ಎಲ್ಲದಕ್ಕೂ ಒಂದೇ ಮಾತು ಬಳಸುತ್ತಿದ್ದೆವು, ಕಸ. ಇಲ್ಲವೇ ಡಸ್ಟ್. ಅತ್ತೆಗೆ ಇದು ಸಹಿಸಲಾಗದ ವಿಷಯವಾಗಿತ್ತು.

"ಎಲ್ಲಾದ್ಕೂ ಕಸ ಕಸ ಅಂತೀರಲ್ಲಮ್ಮಿ. ನಿಮ್ ರಾಯದುರ್ಗದಾಗೆ ಮಾತಿಗೂ ಬರಾನಾ?"

ಅವರ ಬಾಯಲ್ಲಿ ಪ್ರತಿಯೊಂದಕ್ಕೂ ಹೆಸರಿತ್ತು. ರಾಗಿ ಬಡಿಯುವಾಗ ಕತ್ತಿಗೆ ಅಂಟಿ ತುರಿಸುವುದು ಸುಂಕು. ಕೇರಿದಾಗ ಹಾರುವುದು ಹೊಟ್ಟು. ಬೀಸಿದಾಗ ಒಡೆದು ಉಳಿಯುವುದು ನುಚ್ಚು. ಬೆರಳಿಗೆ ಒರಟಾಗಿ ಸಿಗುವುದು ತರಿ, ಸಿಗದೆ ಜಾರುವುದು ಹಿಟ್ಟು. ಅಕ್ಕಿಯಲ್ಲಿ ಹಲ್ಲಿಗೆ ಸಿಗುವುದು ಹರಳು. ಸೌದೆ ಸೀಳಿದಾಗ ಸಿಡಿಯುವುದು ಚಕ್ಕೆ, ಅದರಲ್ಲಿ ಬೆರಳಿಗೆ ಹೊಕ್ಕುವುದು ಸಿಬುರು. ನಮ್ಮ ನೀಲಿ ಧೂಳಿಗೆ ಅವರು ಬಂದ ವಾರದಲ್ಲೇ ಸುಂಕು ಎಂದು ಹೆಸರಿಟ್ಟರು. ಕೆಲವೇ ದಿನಗಳಲ್ಲಿ ಹಾಲಿನಲ್ಲಿ ಎಲ್ಲರೂ "ಸುಂಕು ಗುಡಸ್ರಿ" ಅನ್ನತೊಡಗಿದರು. ಎಂಟು ವರ್ಷದ ನನ್ನ ಮಗಳಿಗೆ ಅವರು ಇಟ್ಟ ಹೆಸರು ನುಚ್ಚು. ಒಮ್ಮೆ ಅವಳು ಶಾಲೆಯ ಪುಸ್ತಕ ಹಿಡಿದು, ವಸ್ತುವಿನ ಅತಿ ಸಣ್ಣ ಭಾಗಕ್ಕೆ ಕಣ ಎನ್ನುತ್ತಾರೆ ಎಂದು ಗಟ್ಟಿಯಾಗಿ ಓದುತ್ತಿದ್ದಳು. ಅತ್ತೆ ಒಲೆಯ ಮುಂದಿನಿಂದಲೇ ಕೂಗಿದರು: "ಲೇ ನುಚ್ಚು, ಕಣ ಅಂದ್ರೆ ರಾಗಿ ಬಡಿಯೋ ಜಾಗ ಕಣೆ. ಹತ್ತು ಜನ ಮಲಗಬೌದು ಅದ್ರಾಗೆ."

ದಾರ ಕತ್ತರಿಸುವ ಮೇಜಿನಲ್ಲಿ ಅತ್ತೆಯ ಪಕ್ಕದಲ್ಲಿ ಕೂರುತ್ತಿದ್ದವಳು ಲಕ್ಷ್ಮೀದೇವಿ. ಕಣೇಕಲ್ಲಿನಿಂದ ಮದುವೆಯಾಗಿ ಬಂದವಳು, ಮನೆಯಲ್ಲಿ ತೆಲುಗು ಮಾತಾಡುವವಳು. ಐದು ವರ್ಷ ದಾರ ಕತ್ತರಿಸಿದ್ದಳು. ಮಷಿನ್ ಮುಂದೆ ಕೂರಬೇಕೆಂಬ ಆಸೆ ಅವಳಿಗಿತ್ತು, ಧೈರ್ಯ ಇರಲಿಲ್ಲ. ಅತ್ತೆ ದಿನವೂ ಅವಳ ಬೆನ್ನು ಹತ್ತಿದರು. ಊಟದ ಬಿಡುವಿನಲ್ಲಿ ಅವಳನ್ನು ಖಾಲಿ ಮಷಿನ್ ಮುಂದೆ ಕೂರಿಸಿ ಹಾಳು ಬಟ್ಟೆಯ ಮೇಲೆ ಗೆರೆ ಹೊಲಿಸಿದರು. ಕೊನೆಗೆ ಮೇಲ್ವಿಚಾರಕ ಬಸಣ್ಣನವರ ಮುಂದೆ ತಾವೇ ಹೋಗಿ ನಿಂತು, "ಇವಳಿಗೆ ಒಂದು ಮಷಿನ್ ಕೊಡಪ್ಪ, ನಾನು ಜವಾಬ್ದಾರಿ" ಅಂದರು. ಹಾಲಿನಲ್ಲಿ ಯಾರಿಗೂ ಜವಾಬ್ದಾರಿಯಾಗುವ ಸ್ಥಾನ ಅವರದಾಗಿರಲಿಲ್ಲ. ಆದರೂ ಬಸಣ್ಣ ಕೊಟ್ಟರು.

ಲಕ್ಷ್ಮೀದೇವಿ ಮಷಿನ್ ಮುಂದೆ ಕೂತ ಮೂರು ವಾರದಲ್ಲಿ ಎರಡು ಸೂಜಿ ಮುರಿದಳು. ಹೊಸಬರಿಗೆ ಅದು ಸಹಜ. ಎರಡು ಸಲವೂ ಚೂರುಗಳೆಲ್ಲ ಸಿಕ್ಕವು. ಮೂರನೆಯದು ಮುರಿದದ್ದು ಆ ಶುಕ್ರವಾರ.

ಶುಕ್ರವಾರ ನಮ್ಮಲ್ಲಿ ಮಷಿನ್ ಪೂಜೆ. ದೊಡ್ಡ ಪೂಜೆಯೇನಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಪ್ರತಿಯೊಬ್ಬ ಟೈಲರೂ ತನ್ನ ಮಷಿನ್ ಒರೆಸಿ, ಸೂಜಿಯ ನೇರಕ್ಕೆ ಅದರ ತಲೆಗೆ ಅರಿಶಿನದ ಬೊಟ್ಟಿಟ್ಟು, ನಡುವೆ ಕುಂಕುಮ ಹಚ್ಚಿ, ಕೈಮುಗಿದು ಕೂರುತ್ತಾರೆ. ಆ ಬೊಟ್ಟನ್ನು ಸಂಜೆಯವರೆಗೆ ಯಾರೂ ಒರೆಸುವುದಿಲ್ಲ. ಎರಡು ಸೂಜಿ ಮುರಿದ ಭಯಕ್ಕೋ ಏನೋ, ಲಕ್ಷ್ಮೀದೇವಿ ಅವತ್ತು ರೂಪಾಯಿಯಗಲದ ಬೊಟ್ಟಿಟ್ಟಿದ್ದಳು.

ಒಂಬತ್ತೂವರೆಗೆ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಅಂಗೈಯಲ್ಲಿ ಎರಡು ಚೂರು. ಸೊಂಟಪಟ್ಟಿಗೆ ಬೆಲ್ಟ್ ತೂರಿಸುವ ಲೂಪ್ ಕೂರಿಸುವ ಕಡೆ ಡೆನಿಮ್ ಆರೇಳು ಪದರ ಆಗುತ್ತದೆ. ಅಲ್ಲಿ ಬಟ್ಟೆ ಎಳೆದಿದ್ದಾಳೆ, ಸೂಜಿ ಬಾಗಿ ಕೆಳಗಿನ ತಗಡಿಗೆ ಬಡಿದಿದೆ. ಚಿತ್ರದ ಮೇಲೆ ಜೋಡಿಸಿ ನೋಡಿದೆ. ಮೇಲಿನ ದಪ್ಪ ಭಾಗ ಇತ್ತು, ನಡುವಿನದು ಇತ್ತು. ಚೂಪು ತುದಿ ಇರಲಿಲ್ಲ. ಮೂರು ಮಿಲಿಮೀಟರ್ ಇರಬಹುದು.

ಹೊಲಿಯುತ್ತಿದ್ದದ್ದು ಎರಡು ಮೂರು ವರ್ಷದ ಮಕ್ಕಳ ಪ್ಯಾಂಟು.

ಬಸಣ್ಣ ಬಂದರು. ಅವಳ ಮಷಿನ್ ನಿಲ್ಲಿಸಿದರು. ಅಕ್ಕಪಕ್ಕದ ನಾಲ್ಕು ಬಂಡಲ್, ಅಂದರೆ ಎಂಬತ್ತು ಪ್ಯಾಂಟು, ಪಕ್ಕಕ್ಕೆ ಎತ್ತಿಸಿದರು. ನಾವು ಹುಡುಕಲು ಶುರು ಮಾಡಿದೆವು. ನಾನು ಪ್ರತಿ ಪ್ಯಾಂಟಿನ ಮೇಲೂ ಅಯಸ್ಕಾಂತ ಆಡಿಸಿದೆ. ಮಡಿಕೆ ಬಿಚ್ಚಿ, ಜೇಬು ಹೊರಳಿಸಿ ನೋಡಿದೆ. ಇನ್ನಿಬ್ಬರು ನೆಲದ ಮೇಲೆ ಮೊಣಕಾಲೂರಿ ಹುಡುಕಿದರು. ಸೂಜಿಯ ಕೆಳಗಿನ ತಗಡು ಬಿಚ್ಚಿ ಅಲ್ಲಿ ತುಂಬಿದ್ದ ಎಣ್ಣೆಸುಂಕನ್ನು ತೆಗೆದರು. ಬಸಣ್ಣ ಅಯಸ್ಕಾಂತ ಹಿಡಿದು ಮಷಿನ್ ಹತ್ತಿರ ಒಯ್ದರೆ ಅದು ಟಣ್ ಎಂದು ಮಷಿನ್ನಿಗೇ ಅಂಟಿಕೊಂಡಿತು. "ಕಬ್ಬಿಣಕ್ಕ ಕಬ್ಬಿಣ ಹುಡುಕಾಕ ಹೇಳಿದ್ರ ಇದು ನೆಂಟಸ್ತನ ಮಾಡ್ತೈತಿ" ಎಂದು ಕಿತ್ತು ಜೇಬಿಗೆ ಹಾಕಿಕೊಂಡರು. ಎಲ್ಲರೂ ನಕ್ಕೆವು. ಆ ನಗುವಿನಲ್ಲಿ ಮಷಿನ್ ನೋಡಿಯಾಯಿತು ಎಂಬ ಲೆಕ್ಕವಾಗಿಬಿಟ್ಟಿತು. ಆ ತಪ್ಪು ಗೊತ್ತಾಗಿದ್ದು ಸಾಯಂಕಾಲ.

ಹನ್ನೆರಡಾದರೂ ತುದಿ ಸಿಗಲಿಲ್ಲ. ಬಸಣ್ಣ ಕೆಟ್ಟವರಲ್ಲ. ಆದರೆ ಮಕ್ಕಳ ಬಟ್ಟೆಯ ಕೆಲಸ ನಮ್ಮ ಘಟಕಕ್ಕೆ ಮೊದಲ ಸಲ ಬಂದಿತ್ತು.

"ನೋಡವ್ವ ಲಕ್ಷ್ಮೀದೇವಿ," ಅಂದರು. "ಸಂಜಿ ಆರಕ್ಕ ಮಾಲು ಒಯ್ಯಾಕ ಗಾಡಿ ಬರ್ತೈತಿ. ಅಷ್ಟರಾಗ ಸಿಕ್ತು, ಚಲೋ ಆತು. ಸಿಗಲಿಲ್ಲ ಅಂದ್ರ ಈ ಎಂಬತ್ತೂ ಕತ್ತರಿಗೆ. ನೀ ನಾಳಿಂದ ದಾರದ ಟೇಬಲ್ಲಿಗೇ ಹೋಗಿಬಿಡು. ಮಷಿನ್ ನಿನ್ನ ಕೈಗೆ ಒಗ್ಗಂಗಿಲ್ಲ."

ಊಟದ ಗಂಟೆ ಹೊಡೆದು ಹಾಲ್ ಖಾಲಿಯಾದ ಮೇಲೆ ಅವಳು ನನ್ನ ಮೇಜಿಗೆ ಬಂದಳು.

"ಅಕ್ಕಾ, ಡ್ರಾಯರ್‌ನಾಗ ಹಳೇ ಸೂಜಿ ಅದಾವಲ್ರಿ. ಒಂದರ ತುದಿ ಮುರಿದು ಅಂಟಿಸಿಬಿಡ್ರಿ ಅಕ್ಕ. ಎಲ್ಲಾ ಪ್ಯಾಂಟೂ ನೋಡೀವಿ. ಒಂದರಾಗೂ ಇಲ್ಲ. ಯಾರಿಗೆ ಗೊತ್ತಾಗ್ತದ?"

ನಿಜ ಹೇಳುತ್ತೇನೆ. ನಾನು ಡ್ರಾಯರಿನ ಬೀಗ ತೆಗೆದೆ. ಐದು ವರ್ಷ ಕಾದು ಪಡೆದ ಜಾಗವನ್ನು ಮೂರು ಮಿಲಿಮೀಟರ್ ಕಬ್ಬಿಣಕ್ಕಾಗಿ ಅವಳು ಕಳೆದುಕೊಳ್ಳುವುದು ನನಗೆ ಅನ್ಯಾಯ ಅನ್ನಿಸಿತು. ಒಂದು ಮೊಂಡು ಸೂಜಿ ಕೈಗೆ ತೆಗೆದುಕೊಂಡೆ, ಇಕ್ಕಳವನ್ನೂ ತೆಗೆದುಕೊಂಡೆ. ಅಷ್ಟರಲ್ಲಿ ಬುತ್ತಿ ಹಿಡಿದು ನನ್ನನ್ನು ಊಟಕ್ಕೆ ಕರೆಯಲು ಬಂದ ಅತ್ತೆ ಎದುರಿಗೆ ನಿಂತಿದ್ದರು.

ಅವರಿಗೆ ವಿವರಿಸಬೇಕಾಗಲಿಲ್ಲ. ಬುತ್ತಿಯನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳಿದರು: "ಅದನ್ನ ಅಂಟಿಸಿದ್ರೆ ಪುಸ್ತಕದಾಗೆ ಸಿಕ್ಕಂಗಾತು. ಬಟ್ಟೆಯಾಗೆ?"

ನಾನು ಇಕ್ಕಳ ಕೆಳಗಿಟ್ಟೆ. ಲಕ್ಷ್ಮೀದೇವಿ ಅಳಲು ಶುರು ಮಾಡಿದಳು. "ಇಲ್ಲ ಅವ್ವಾ, ಅದು ಇಲ್ಲ. ಎಲ್ಲಾ ಕಡೆ ನೋಡೀವಿ. ಎಲ್ಲೂ ಇಲ್ಲ."

"ಇಲ್ಲ ಅನ್ನಬ್ಯಾಡ," ಅಂದರು ಅತ್ತೆ. "ಅದು ಇಲ್ಲದ್ದಲ್ಲ ಕಣೆ, ಸಣ್ಣದು. ಅಷ್ಟೇಯ."

ಊಟ ಮಾಡದೆ ಮನೆಗೆ ಹೋದರು. ಮನೆ ಎರಡು ಬೀದಿ ಆಚೆ. ಕಾಲು ಗಂಟೆಯಲ್ಲಿ ಮೊರ, ಜರಡಿ ಹಿಡಿದು ಬಂದರು. ಗೇಟಿನ ಕಾವಲುಗಾರ, "ಏನಜ್ಜಿ, ಫ್ಯಾಕ್ಟರಿಯಾಗ ರಾಗಿ ಬೆಳದ್ರೇನು?" ಎಂದು ಕೇಳಿದನಂತೆ. "ಹೂಂ, ಕಬ್ಬಿಣದ ರಾಗಿ" ಎಂದು ಉತ್ತರ ಕೊಟ್ಟು ಒಳಗೆ ಬಂದರಂತೆ.

ಬೆಳಿಗ್ಗೆಯಿಂದ ಗುಡಿಸಿ ಗುಡ್ಡೆ ಮಾಡಿದ್ದ ಧೂಳು, ತಗಡಿನ ಕೆಳಗಿನದು, ಮೇಜಿನ ಮೇಲಿನದು, ಎಲ್ಲವನ್ನೂ ಒಂದು ಬಟ್ಟೆಯ ಮೇಲೆ ಸುರಿಸಿಕೊಂಡು ನೆಲದ ಮೇಲೆ ಕೂತರು. ಮೊದಲು ಕೇರಿದರು. ನೀಲಿ ಸುಂಕು ಮೋಡದ ಹಾಗೆ ಎದ್ದಿತು. ಹೆಂಗಸರು ಸೆರಗು ಮೂಗಿಗೆ ಹಿಡಿದು ಹಿಂದೆ ಸರಿದರು. ಬಳಿಕ ಮೊರವನ್ನು ಓರೆ ಹಿಡಿದು ಒನೆದರು. ಒನೆಯುವುದು ಎಂದರೆ ಮೊರವನ್ನು ಪಕ್ಕಕ್ಕೆ ಆಡಿಸಿ ಕಲ್ಲನ್ನೂ ಕಾಳನ್ನೂ ಬೇರೆ ಮಾಡುವುದು. ಹಗುರಾದದ್ದು ಮುಂದಕ್ಕೆ ಸರಿದು, ಭಾರದ್ದು ಅವರ ಹೊಟ್ಟೆಯ ಕಡೆಗೆ ಬಂದು ನಿಲ್ಲುತ್ತಿತ್ತು. ಹಾಗೆ ಉಳಿದದ್ದನ್ನು ಬೆರಳಿನಿಂದ ಬೇರೆ ಮಾಡುತ್ತ ಹೆಸರು ಹೇಳುತ್ತಿದ್ದರು. ಇದು ಗುಂಡಿಯ ಚಕ್ಕೆ. ಇದು ತಾಮ್ರದ ತರಿ, ರಿವೆಟ್ಟಿನದು. ಇದು ಸೀಮೆಸುಣ್ಣದ ಹುಡಿ. ಇದು ಯಾರದೋ ಚಪ್ಪಲಿಯ ಮರಳು. ಇದು ಬಳೆಯ ಚೂರು, ಯಾರದಮ್ಮಿ?

ಪಕ್ಕದಲ್ಲಿ ಕೂತಿದ್ದ ಲಕ್ಷ್ಮೀದೇವಿಯ ಕಣ್ಣಿಗೆ ಏನೋ ಬಿತ್ತು. ಅವಳು ಕಣ್ಣು ಉಜ್ಜತೊಡಗಿದಳು.

"ಉಜ್ಜಬ್ಯಾಡ. ಕಣ್ಣಾಗೆ ಬೀಳೋದಕ್ಕೆ ನಿಮ್ ತೆಲುಗಿನಾಗೆ ಏನಂತೀರೆ?"

"ನಲುಸು ಅಂತೀವಿ ಅವ್ವಾ."

"ನಲುಸು," ಎಂದು ಅತ್ತೆ ಎರಡು ಸಲ ಹೇಳಿ ನೋಡಿದರು. "ಚೆನ್ನಾಗೈತೆ. ಕಣ್ಣಿಗೆ ಬೀಳೋದಕ್ಕೇ ಅಂತ ಒಂದು ಹೆಸರು. ನಮ್ಮಾಗಿಲ್ಲ ನೋಡು."

ಅವಳ ರೆಪ್ಪೆ ಬಿಡಿಸಿ ಸೆರಗಿನ ತುದಿಯಿಂದ ತೆಗೆದರು. ಬರೀ ಸುಂಕು.

ಮೂರು ಗಂಟೆಗೆ ಧೂಳೆಲ್ಲ ಮುಗಿಯಿತು. ತುದಿ ಇರಲಿಲ್ಲ. ನಾನು ಖಂಡಿತ ಸಿಗುತ್ತದೆ ಎಂದು ನಂಬಿದ್ದೆ. ಹಾಗಾಗಿ ಅಲ್ಲಿಯವರೆಗೆ ಇದ್ದ ಧೈರ್ಯವೂ ಹೋಯಿತು. ಬಸಣ್ಣ ಒಂದು ಸಲ ಬಂದು ನೋಡಿ ಹೋದರು. ಅತ್ತೆ ಖಾಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ನನ್ನನ್ನು ಕೇಳಿದರು.

"ಅಮ್ಮಿ, ನಿನ್ ಪುಸ್ತಕದಾಗೆ ಇದನ್ನ ಏನಂತ ಬರ್ದೀಯ?"

"ಚೂರು ಅಂತ."

"ತಪ್ಪು ಅದು. ನಾವೂ ಚೂರು ಅಂತ್ಲೇ ಹುಡುಕ್ತಾ ಕುಂತ್ವಿ. ಚೂರು ಬಿದ್ದಲ್ಲೇ ಬಿದ್ದಿರ್ತೈತೆ. ಸುಂಕು ಗಾಳಿ ಹೋದ್ ಕಡೆ ಹೋಗ್ತೈತೆ. ಇದು ಎರಡೂ ಅಲ್ಲ. ಇದು ಹೊಡೆತ ತಿಂದಿದ್ದು. ಚಕ್ಕೆ ಇದು. ಸೌದೆ ಒಡೆಯೋವಾಗ ನೋಡಿಲ್ವಾ? ಚಕ್ಕೆ ಕೆಳಕ್ಕೆ ಬೀಳಲ್ಲ. ಒಡೆಯೋರ ಮಖಕ್ಕೇ ಎಗರ್ತೈತೆ."

ಎದ್ದು ಲಕ್ಷ್ಮೀದೇವಿಯನ್ನು ಮಷಿನ್ ಮುಂದೆ ಕೂರಿಸಿದರು. ಮುರಿದಾಗ ಹೇಗೆ ಕೂತಿದ್ದೆಯೋ ಹಾಗೇ ಕೂರು ಅಂದರು. ತಲೆ ಎಷ್ಟು ಬಗ್ಗಿಸಿದ್ದೆ, ಕೈ ಎಲ್ಲಿತ್ತು, ಕಣ್ಣು ಮುಚ್ಚಿದೆಯಾ ಎಂದು ಒಂದೊಂದಾಗಿ ಕೇಳಿದರು. ಅವಳ ಬೈತಲೆ, ಕಿವಿಯ ಓಲೆ, ಕುಪ್ಪಸದ ತೋಳು, ಬಳೆಗಳ ಸಂದು ಎಲ್ಲ ನೋಡಿದರು. ನಾನು ಅವಳ ಸೆರಗಿನ ಮೇಲೆ ಅಯಸ್ಕಾಂತ ಆಡಿಸಿದೆ. ಏನೂ ಇಲ್ಲ.

"ಇವಳ ಮಖಕ್ಕೆ ಬರಲಿಲ್ಲ ಅಂದ್ರೆ ನಡುವೆ ಏನೋ ತಡೆದೈತೆ," ಅಂದರು. ಸೂಜಿಗೂ ಅವಳ ಮುಖಕ್ಕೂ ನಡುವೆ ಇದ್ದದ್ದು ಮಷಿನ್ನಿನ ತಲೆಯೊಂದೇ. ಅದರ ಮೇಲೆ ರೂಪಾಯಿಯಗಲದ ಅರಿಶಿನ.

ಅತ್ತೆ ಬೆರಳು ಹತ್ತಿರ ಒಯ್ದು ಹಿಂದಕ್ಕೆ ತೆಗೆದರು. "ಲಕ್ಷ್ಮೀ, ಇನ್ನೂ ಹಸಿಯಾಗೈತಲ್ಲೆ ಇದು. ನೀರಾಗೆ ಕಲಸಿದ್ದು ಇಷ್ಟೊತ್ತಿಗೆ ಉದುರಬೇಕಿತ್ತು."

ಲಕ್ಷ್ಮೀದೇವಿ ತಲೆ ತಗ್ಗಿಸಿದಳು. "ನೀರಾಗ ಕಲಸಿದ್ರ ಪೇಂಟ್ ಮ್ಯಾಲೆ ನಿಲ್ಲಂಗಿಲ್ಲ ಅವ್ವಾ. ಅದಕ್ಕ ಮಷಿನ್ ಎಣ್ಣಿ ಹಾಕಿ ಕಲಸಿದ್ದೆ."

"ದೇವ್ರಿಗೆ ಮಷಿನ್ ಎಣ್ಣೆ!" ಎಂದು ಅತ್ತೆ ಅವಳ ತಲೆಗೆ ಮೊಟಕಿದರು. ಆಮೇಲೆ ನನ್ನ ಮೊಬೈಲಿನ ಟಾರ್ಚ್ ಹಚ್ಚಿಸಿ, ಮಷಿನ್ನಿನ ಮೈಗೆ ತಾಗಿಸಿ ಓರೆಯಾಗಿ ಹಿಡಿಸಿದರು. ಅಕ್ಕಿಯಲ್ಲಿ ಹರಳು ಹುಡುಕುವಾಗ ಬೆಳಕು ಮೇಲಿನಿಂದ ಬಿದ್ದರೆ ಕಾಣುವುದಿಲ್ಲ, ಪಕ್ಕದಿಂದ ಬರಬೇಕು, ಆಗ ಹರಳಿಗೆ ನೆರಳು ಬರುತ್ತದೆ ಎಂದು ಅವರು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದರು. ನಾನು ಬಗ್ಗಿ ನೋಡಿದೆ. ಹಳದಿಯ ಅಂಚಿನಲ್ಲಿ, ಕುಂಕುಮಕ್ಕೆ ಸ್ವಲ್ಪ ಕೆಳಗೆ, ಎಳ್ಳಿನ ಮೊನೆಯಷ್ಟು ಒಂದು ನೆರಳು. ಟಾರ್ಚ್ ಅಲ್ಲಾಡಿಸಿದಾಗ ಮಿನುಗಿತು.

ನಾನು ಟೇಪ್ ತೆಗೆದೆ. ಅತ್ತೆ ನನ್ನ ಕೈ ಹಿಡಿದರು. "ನೀನಲ್ಲ. ಅವಳು ತೆಗೀಲಿ."

ಲಕ್ಷ್ಮೀದೇವಿ ಬೊಟ್ಟಿಗೆ ಒಮ್ಮೆ ಕೈಮುಗಿದು ಟೇಪ್ ಒತ್ತಿ ಎತ್ತಿದಳು. ಸೂಜಿಯ ತುದಿ ಅರಿಶಿನದ ಸಮೇತ ಬಂತು. ಚಿತ್ರದ ಮೇಲೆ ಇಟ್ಟೆ. ಮುರಿದ ಬಾಯಿಗೆ ಬಾಯಿ ಸರಿಯಾಗಿ ಕೂತಿತು. ಆಗ ನಾಲ್ಕು ಗಂಟೆ ಹತ್ತು ನಿಮಿಷ. ಬಸಣ್ಣ ಬಂದು ಕನ್ನಡಕ ಹಣೆಗೇರಿಸಿ ನೋಡಿದರು. ಬಹಳ ಹೊತ್ತು ನೋಡಿದರು.

"ಮುಂಜಾನಿಂದ ನೆಲಾನ ನೋಡಿದ್ವಿ ನೋಡ್ರಿ," ಅಂದರು. ಆಮೇಲೆ ಲಕ್ಷ್ಮೀದೇವಿಯ ಕಡೆ ತಿರುಗಿ, "ಏನವ್ವಾ ನಿಂತಿ? ಸೂಜಿ ತಗೊಂಡು ಕುಂದ್ರು. ಗಾಡಿ ಬರೋದ್ರಾಗ ಬಂಡಲ್ ಮುಗೀಬೇಕು" ಅಂದರು. ಅತ್ತೆಗೆ ಮಾತ್ರ, "ಅಮ್ಮಾ, ಆ ಮೊರ ಇಲ್ಲೇ ಇರ್ಲಿರಿ" ಅಂದರು. ಅಂದಿನಿಂದ ಅದು ನನ್ನ ಮೇಜಿನ ಹಿಂದಿನ ಮೊಳೆಗೆ ನೇತುಬಿದ್ದಿದೆ.

ಆ ಬಳಿಕ ನಮ್ಮಲ್ಲಿ ಶುಕ್ರವಾರದ ಬೊಟ್ಟನ್ನು ಸೂಜಿಯಿಂದ ದೂರ, ಚಕ್ರದ ಕಡೆಗೆ ಇಡುತ್ತಾರೆ. ರಿಜಿಸ್ಟರಿನ ಆ ಪುಟದಲ್ಲಿ ಟೇಪಿನ ಕೆಳಗಿನ ಅರಿಶಿನ ಇನ್ನೂ ಹಳದಿಯಾಗಿಯೇ ಇದೆ.

ಅತ್ತೆ ಇನ್ನೂ ಎರಡು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಜೊತೆ ಕೆಲಸ ಮಾಡಿದರು. ಕಡೆಗೆ ಕಣ್ಣು ಮಂಜಾಗಿ ದಾರದ ತುದಿ ಕಾಣದೆ ಹೋದಾಗಲೂ ಬೆರಳಿನಿಂದ ಮುಟ್ಟಿ ಕತ್ತರಿಸುತ್ತಿದ್ದರು. ಒಂದು ವಾರ ಜ್ವರ ಬಂತು. ಆಸ್ಪತ್ರೆಯಲ್ಲಿ ಗಂಜಿ ಕುಡಿಸುವಾಗ, "ಒಂಚೂರು ಕುಡೀರಿ ಅತ್ತಿ" ಅಂದೆ. "ಚೂರು ಅಂದ್ರೆ ತಿನ್ನೋದು ಕಣಮ್ಮಿ. ಕುಡಿಯೋದಕ್ಕೆ ಗುಟುಕು ಅಂತಾರೆ" ಎಂದು ತಿದ್ದಿದರು. ಮರುದಿನ ಬೆಳಿಗ್ಗೆ ಹೋದರು.

ಊರಿಗೆ ಒಯ್ದು ಅವರದೇ ಹೊಲದ ಅಂಚಿನಲ್ಲಿ ಮಣ್ಣು ಮಾಡಿದೆವು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ನನ್ನ ಸರದಿ ಬಂದಾಗ ಮಣ್ಣು ಹಿಡಿದು ನಿಂತೆ. ಮಡಕಶಿರದ ಕಡೆಯ ಕೆಂಪು ಗರಸು, ಸಣ್ಣ ಹರಳುಗಳು ತುಂಬಿದ್ದು. ನನ್ನ ಬೆರಳುಗಳು ತಮ್ಮಷ್ಟಕ್ಕೆ ಅದನ್ನು ತಿಕ್ಕಿ ನೋಡುತ್ತಿದ್ದವು. ಅದರಲ್ಲಿ ಚುಚ್ಚುವಂಥದ್ದು ಏನಾದರೂ ಇದೆಯೇ ಎಂದು ಹುಡುಕುತ್ತಿದ್ದವು. ಹಿಂದೆ ನಿಂತವರು ಅವಸರಪಡಿಸಿದರು. ಪೂರ್ತಿ ನೋಡಿ ಮುಗಿಸಿ, ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಹಾಕಿದೆ.

ಹದಿನಾಲ್ಕು ವರ್ಷದಿಂದ ಈ ಮೇಜಿನಲ್ಲಿ ಕೂತು ನಾನು ಕಲಿತದ್ದು ಹೆಚ್ಚೇನಿಲ್ಲ. ಕಳೆದ ವಸ್ತುವಿಗೆ ಸರಿಯಾದ ಹೆಸರು ಸಿಕ್ಕರೆ ಅದು ಹೋಗಿರುವ ದಾರಿಯೂ ಅರ್ಧ ಸಿಕ್ಕಂತೆ. ಮೊದಲು ನಾನು ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ "ಸಿಗಲಿಲ್ಲ" ಎಂದು ಬರೆಯುತ್ತಿದ್ದೆ. ಈಗ ಬರೆಯುವುದಿಲ್ಲ.

ಹೋದ ವಾರ ಹೊಸ ಟೈಲರ್ ಒಬ್ಬಳು ಅಂಗೈಯಲ್ಲಿ ಎರಡು ತುಂಡು ಹಿಡಿದು ಬಂದಳು. ಮೂರನೆಯದು ಇಲ್ಲ ಎಂದು ಅಳುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಮೂರನೆಯ ಸಾಲಿನಲ್ಲಿ ಹೊಲಿಯುತ್ತಿದ್ದ ಲಕ್ಷ್ಮೀದೇವಿ ಮಷಿನ್ ನಿಲ್ಲಿಸಿ ಎದ್ದು ಬಂದಳು. ಮೊಳೆಯಿಂದ ಮೊರ ಇಳಿಸಿಕೊಂಡಳು.

"ಇಲ್ಲ ಅನ್ನಬ್ಯಾಡವ್ವ," ಅಂದಳು ಆ ಹುಡುಗಿಗೆ. "ಇಲ್ಲದ್ದಲ್ಲ, ಸಣ್ಣದು. ಎಷ್ಟು ಸಣ್ಣದು, ಅದನ್ನ ಹೇಳು ಮೊದಲ."